ಹುಲಿ ಸತ್ತರೆ ಯಾರನ್ನು ಕೇಳಬೇಕು?

2025ರ ಜೂನ್ ಕೊನೆಯ ವಾರ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿಧಾಮ, ಹೂಗ್ಯಂ ವಲಯ. ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದರು. ತಿನ್ನಲು ಬಂದ ಇಡೀ ಸಂಸಾರ ಅಲ್ಲೇ ಮುಗಿಯಿತು. ರಾಜ್ಯ ಸರ್ಕಾರ ತನಿಖಾ ತಂಡ ರಚಿಸಿತು, ಕೇಂದ್ರವೂ ತನ್ನದೊಂದು ತಂಡ ಕಳಿಸಿತು. ಮೂವರ ಬಂಧನವಾಯಿತು, ಅಧಿಕಾರಿಗಳ ಮೇಲೂ ಕ್ರಮವಾಯಿತು. ಕಾಡು ಕಾಯುವ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿಲ್ಲ ಎಂಬ ಸುದ್ದಿಯೂ ಆಗಲೇ ಹೊರಬಂತು.

ಆ ವಾರ ಎಲ್ಲರ ಬಾಯಲ್ಲೂ ಒಂದೇ ಮಾತು: ಅರಣ್ಯ ಇಲಾಖೆ ಏನು ಮಾಡುತ್ತಿತ್ತು? ಕೇಳಲೇಬೇಕಾದ ಪ್ರಶ್ನೆ. ಆದರೆ ಅಷ್ಟಕ್ಕೇ ನಿಂತರೆ ನಾವು ಎಷ್ಟೋ ಕಚೇರಿಗಳನ್ನು, ಎಷ್ಟೋ ಕುರ್ಚಿಗಳನ್ನು ಸುಮ್ಮನೆ ಬಿಟ್ಟುಬಿಡುತ್ತೇವೆ. ವನ್ಯಜೀವಿ ಕಾನೂನಿನ ಉಸ್ತುವಾರಿ ಒಂದು ಇಲಾಖೆಯ ಕೈಯಲ್ಲಿಲ್ಲ. ಪ್ರಧಾನಿಯಿಂದ ಗ್ರಾಮ ಪಂಚಾಯಿತಿಯವರೆಗೆ ಅದು ಹಂಚಿಹೋಗಿದೆ. ಯಾರ ಕೈಯಲ್ಲಿ ಏನಿದೆ ಎಂದು ಗೊತ್ತಿಲ್ಲದ ನಾಗರಿಕ ಅರ್ಜಿ ಹಿಡಿದು ತಪ್ಪು ಬಾಗಿಲು ತಟ್ಟುತ್ತಾನೆ, ಅಲ್ಲಿಂದ 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಹಿಂಬರಹ ಪಡೆದು ವಾಪಸಾಗುತ್ತಾನೆ.

ಇದರ ಬುಡದಲ್ಲಿ ಒಂದು ದೊಡ್ಡ ಬಿರುಕಿದೆ. ನಮ್ಮ ಕಾನೂನು ಪ್ರಾಣಿಯನ್ನು ಒಬ್ಬರ ಕೈಗೆ ಕೊಟ್ಟಿದೆ, ಅದು ಬದುಕುವ ನೆಲವನ್ನು ಇನ್ನೊಬ್ಬರ ಕೈಗೆ. ಚಿರತೆ ರಾಗಿ ಹೊಲದಲ್ಲಿ ನಿಂತರೂ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯ ಪ್ರಾಣಿ. ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ಅದೇ ಚಿರತೆ ಅಡಗಿ ಕೂರುವ ಕುರುಚಲು ಗುಡ್ಡವನ್ನು ಜೆಸಿಬಿ ಬಗೆಯುವಾಗ ಆ ಕಾಯ್ದೆ ಬಹುತೇಕ ಬಾಯಿ ಬಿಡುವುದಿಲ್ಲ. ಆ ಗುಡ್ಡ ಕಂದಾಯ ಭೂಮಿಯೋ, ಕಲ್ಲುಗಣಿ ಗುತ್ತಿಗೆಯೋ, ಯಾರದೋ ಹಿಡುವಳಿಯೋ ಆಗಿರುತ್ತದೆ. ಪ್ರಾಣಿಗೆ ಎಲ್ಲೆಲ್ಲೂ ರಕ್ಷಣೆ, ಅದರ ನೆಲೆಗೆ ನಕ್ಷೆಯ ಗೆರೆಯೊಳಗೆ ಮಾತ್ರ. ಇಂದಿನ ಮುಕ್ಕಾಲು ಪಾಲು ಜಗಳ ಹುಟ್ಟುವುದು ಈ ಬಿರುಕಿನಲ್ಲೇ ಎಂದು ನಾನು ನಂಬಿದ್ದೇನೆ.

ಕೆಳಗಿನಿಂದ ಶುರು ಮಾಡೋಣ. ಕಾಡಿನಲ್ಲಿ ನಡೆಯುವವರು ಗಸ್ತು ಸಿಬ್ಬಂದಿ, ಕಳ್ಳಬೇಟೆ ತಡೆ ಶಿಬಿರದ ವಾಚರ್‌ಗಳು. ಇವರಲ್ಲಿ ಹಲವರು ಕಾಡಂಚಿನ ಊರಿನವರು, ಗುತ್ತಿಗೆಯ ಮೇಲೆ ದುಡಿಯುವವರು. ಅವರ ಮೇಲೆ ಉಪ ವಲಯ ಅರಣ್ಯಾಧಿಕಾರಿ, ಆಮೇಲೆ ಆರ್‌ಎಫ್‌ಒ, ಎಸಿಎಫ್, ಡಿಸಿಎಫ್. ಉರುಳು ಹಾಕಿದವರನ್ನು ಹಿಡಿಯುವುದು, ಮಹಜರು ಬರೆಯುವುದು, ಮಾಲು ವಶಕ್ಕೆ ಪಡೆಯುವುದು, ಮೊಕದ್ದಮೆ ಹೂಡುವುದು ಎಲ್ಲ ಈ ಸಾಲಿನ ಕೆಲಸ. ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನ ಪೊಲೀಸ್ ಅಧಿಕಾರಿಗಳಿಗೂ ವನ್ಯಜೀವಿ ಕಾಯ್ದೆಯ 50ನೇ ಕಲಮು ಶೋಧ, ವಶ, ಬಂಧನದ ಅಧಿಕಾರ ಕೊಟ್ಟಿದೆ. ಹಾಗಾಗಿ ಅರ್ಧರಾತ್ರಿಯಲ್ಲಿ ನಾಡಬಂದೂಕಿನ ಸದ್ದು ಕೇಳಿ ಠಾಣೆಗೆ ಫೋನ್ ಮಾಡಿದಾಗ 'ಅದು ಫಾರೆಸ್ಟಿನವರ ಕೆಲಸ' ಎಂದು ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ.

ಆದರೆ ಮೊಕದ್ದಮೆಗಳು ಬಿದ್ದುಹೋಗುವ ಒಂದು ಜಾಗವೂ ಇಲ್ಲೇ ಇದೆ. 55ನೇ ಕಲಮಿನ ಪ್ರಕಾರ ಅಧಿಕಾರ ಪಡೆದ ಅರಣ್ಯಾಧಿಕಾರಿ ಮುಂತಾದವರು ನೇರವಾಗಿ ದೂರು ಸಲ್ಲಿಸಿದರೆ ಮಾತ್ರ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬಹುದು. ಪೊಲೀಸರು ತಮ್ಮ ಮಾಮೂಲಿ ಪದ್ಧತಿಯಲ್ಲಿ ದೋಷಾರೋಪ ಪಟ್ಟಿ ಹಾಕಿ ಕೂತರೆ, ಆರೋಪಿಯ ವಕೀಲರು ಮೊದಲ ದಿನವೇ ಈ ಕಲಮು ತೋರಿಸುತ್ತಾರೆ. ಠಾಣೆಗೂ ವಲಯ ಕಚೇರಿಗೂ ನಡುವೆ ಒಂದು ಕಾಗದ ಓಡಾಡದೇ ಇದ್ದುದಕ್ಕೆ ಆರೋಪಿ ಬಿಡುಗಡೆಯಾಗುವುದನ್ನು ಸಹಿಸಿಕೊಳ್ಳುವುದು ಕಷ್ಟ.

ಈ ಕಾಯ್ದೆ ಮನೆಯೊಳಗೂ ಬರುತ್ತದೆ. 2023ರ ಅಕ್ಟೋಬರಿನಲ್ಲಿ ಟಿವಿ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರನ್ನು ಹುಲಿ ಉಗುರಿನ ಲಾಕೆಟ್ ಧರಿಸಿದ್ದಕ್ಕೆ ಅರಣ್ಯ ಇಲಾಖೆ ಬಂಧಿಸಿತ್ತು. ಆಗ ರಾಜ್ಯದಲ್ಲಿ ಅದೆಷ್ಟೋ ಮನೆಗಳ ಬೀರುಗಳಲ್ಲಿ ನಡುಕ ಹುಟ್ಟಿತು. 'ಅಜ್ಜನ ಕಾಲದ್ದು' ಎಂಬ ವಿವರಣೆ ಸಾಲದು. ಇಂಥ ವಸ್ತು ಯಾರ ವಶದಲ್ಲಿದೆಯೋ ಅವರೇ ಅದು ಕಾನೂನುಬದ್ಧ ಎಂದು ಸಾಬೀತು ಮಾಡಬೇಕು. 57ನೇ ಕಲಮು ಹೊರೆಯನ್ನು ಅವರ ಹೆಗಲಿಗೇ ಹಾಕಿದೆ. ಪಂಜರದ ಗಿಳಿ, ತೊಟ್ಟಿಯ ನಕ್ಷತ್ರ ಆಮೆಗೂ ಇದೇ ಕಾಯ್ದೆ ಅನ್ವಯ.

ಗಸ್ತು ಸಿಬ್ಬಂದಿಯಿಂದ ಮೇಲೇರುವ ಇಲಾಖೆಯ ಸಾಲಿನ ತುದಿಯಲ್ಲಿ ಕೂತವರು ಮುಖ್ಯ ವನ್ಯಜೀವಿ ಪರಿಪಾಲಕರು. ರಾಜ್ಯಕ್ಕೆ ಒಬ್ಬರೇ. ಕರ್ನಾಟಕದಲ್ಲಿ ವನ್ಯಜೀವಿ ವಿಭಾಗದ ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೇ ಈ ಹುದ್ದೆ ನಿರ್ವಹಿಸುತ್ತಾರೆ. ಕಚೇರಿ ಮಲ್ಲೇಶ್ವರದ ಅರಣ್ಯ ಭವನ. ಹುಲಿಯೋ ಆನೆಯೋ ಚಿರತೆಯೋ ಮನುಷ್ಯರ ಪ್ರಾಣಕ್ಕೆ ಎರವಾದಾಗ ಊರು ಕೆರಳುತ್ತದೆ, ಶಾಸಕರು ಸ್ಥಳಕ್ಕೆ ಧಾವಿಸುತ್ತಾರೆ, ಗುಂಡಿಕ್ಕಿ ಎಂಬ ಕೂಗು ಏಳುತ್ತದೆ. ಆ ಕೂಗಿನ ಹಿಂದಿನ ನೋವನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ 11ನೇ ಕಲಮಿನಂತೆ 1ನೇ ಅನುಸೂಚಿಯ ಪ್ರಾಣಿಯ ಬಗ್ಗೆ ಆದೇಶ ಬರೆಯುವ ಅಧಿಕಾರ ಈ ಒಬ್ಬರಿಗೆ ಮಾತ್ರ. ಅದನ್ನು ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಸಾಗಿಸಲು ಸಾಧ್ಯವೇ ಇಲ್ಲ ಎಂದು ಮನದಟ್ಟಾದ ಮೇಲಷ್ಟೇ ಕೊಲ್ಲುವ ಮಾತು, ಅದೂ ಕಾರಣವನ್ನು ಬರಹದಲ್ಲಿ ಕೊಟ್ಟು. ಜಿಲ್ಲಾಧಿಕಾರಿಗಾಗಲಿ ಮಂತ್ರಿಗಾಗಲಿ ಆ ಅಧಿಕಾರವಿಲ್ಲ. ಇಷ್ಟು ದೊಡ್ಡ ಅಧಿಕಾರ ಕೊಟ್ಟ ಕಾಯ್ದೆ ಆ ಹುದ್ದೆಗೆ ನಿಗದಿತ ಅವಧಿಯನ್ನು ಕೊಟ್ಟಿಲ್ಲ. ವರ್ಗಾವಣೆ ಪಟ್ಟಿ ಸಿದ್ಧಪಡಿಸುವವರು ಯೋಜನೆಗಳಿಗೆ ಅವಸರ ಮಾಡುವ ಸರ್ಕಾರದವರೇ.

ಈಗ ಮಂಡಳಿಗಳ ಮಾತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ದೊಡ್ಡ ನಿರ್ಧಾರಗಳು ಇಲ್ಲೇ ಆಗುತ್ತವೆ ಮತ್ತು ಅವು ನಮ್ಮ ಕಣ್ಣಿಗೆ ಬೀಳುವುದು ಬಹಳ ಕಡಿಮೆ.

ರಾಜ್ಯ ವನ್ಯಜೀವಿ ಮಂಡಳಿಗೆ ಅಧ್ಯಕ್ಷರು ಮುಖ್ಯಮಂತ್ರಿ. ಶಾಸಕರು ಮೂವರು, ವನ್ಯಜೀವಿ ಸಂಸ್ಥೆಗಳ ಪ್ರತಿನಿಧಿಗಳು ಮೂವರು, ಪರಿಸರ ತಜ್ಞರು ಹತ್ತು ಮಂದಿ ಇರಬೇಕು. ಆ ಹತ್ತರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಪಂಗಡದವರು. ವರ್ಷಕ್ಕೆ ಕನಿಷ್ಠ ಎರಡು ಸಭೆ ನಡೆಯಬೇಕು. ರಾಷ್ಟ್ರೀಯ ಮಂಡಳಿಗೆ ಅಧ್ಯಕ್ಷರು ಪ್ರಧಾನಿ. 2012ರ ನಂತರ ಆ ಪೂರ್ಣ ಮಂಡಳಿ ಸೇರಿದ್ದು 2025ರ ಮಾರ್ಚ್ 3ರಂದು, ಗಿರ್‌ನಲ್ಲಿ. ಹನ್ನೆರಡು ವರ್ಷಕ್ಕೂ ಮಿಕ್ಕ ಆ ಅವಧಿಯಲ್ಲಿ ದೇಶದ ರಾಷ್ಟ್ರೀಯ ಉದ್ಯಾನಗಳ ಮೂಲಕ ಹೋಗುವ ರಸ್ತೆ, ವಿದ್ಯುತ್ ಮಾರ್ಗ, ಕಾಲುವೆಗಳ ಭವಿಷ್ಯ ತೀರ್ಮಾನಿಸಿದ್ದು ಪರಿಸರ ಸಚಿವರ ಅಧ್ಯಕ್ಷತೆಯ ಸ್ಥಾಯಿ ಸಮಿತಿ. ಅಂದರೆ ಕಾಯ್ದೆ ಕಲ್ಪಿಸಿದ ದೊಡ್ಡ ಸಭೆಯ ಜಾಗದಲ್ಲಿ ಕೆಲವೇ ಮಂದಿಯ ಸಣ್ಣ ಸಮಿತಿ.

ವನ್ಯಜೀವಿಧಾಮದೊಳಗೆ ನೆಲೆ ಹಾಳುಮಾಡುವ ಯಾವ ಕೆಲಸಕ್ಕೆ ಅನುಮತಿ ಕೊಡಬಹುದು ಎಂಬುದಕ್ಕೆ 29ನೇ ಕಲಮು ಒಂದೇ ಅಳತೆ ಇಟ್ಟಿದೆ: ಆ ಕೆಲಸ ವನ್ಯಜೀವಿಗಳ ಸ್ಥಿತಿ ಉತ್ತಮಪಡಿಸಲು, ಅವುಗಳ ಒಳ್ಳೆಯ ನಿರ್ವಹಣೆಗೆ ಅಗತ್ಯವಾಗಿರಬೇಕು. ರಾಷ್ಟ್ರೀಯ ಉದ್ಯಾನಕ್ಕೂ 35ನೇ ಕಲಮಿನಲ್ಲಿ ಇದೇ ಅಳತೆ. ಓದಿ ನೋಡಿ, ಅಲ್ಲಿ ರಾಜ್ಯದ ಆದಾಯ, ಪ್ರಯಾಣದ ಉಳಿತಾಯ, ಕೈಗಾರಿಕೆ, ಯಾವುದರ ಪ್ರಸ್ತಾಪವೂ ಇಲ್ಲ. ಹಾಗಾದರೆ ಹೆದ್ದಾರಿ ಅಗಲೀಕರಣ ಹುಲಿಗೆ ಹೇಗೆ ಒಳ್ಳೆಯದು? ಪ್ರತಿ ಸಭೆಯ ನಡಾವಳಿಯಲ್ಲೂ ಈ ಪ್ರಶ್ನೆಗೆ ಉತ್ತರ ಇರಬೇಕು. ಸಾಮಾನ್ಯವಾಗಿ ಇರುವುದು ಷರತ್ತುಗಳ ಪಟ್ಟಿ: ಮೇಲ್ಸೇತುವೆ ಕಟ್ಟಿ, ಇಷ್ಟು ಹಣ ಕಟ್ಟಿ, ರಾತ್ರಿ ಕೆಲಸ ಬೇಡ. ಷರತ್ತು ಹಾಕಿದೊಡನೆ ಕಾನೂನಿನ ಅಳತೆ ತಲುಪಿದಂತೆ ಅಲ್ಲ.

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಕಡತ ನೆನಪಿದೆಯಲ್ಲ. 164 ಕಿಲೋಮೀಟರ್, ಅದರಲ್ಲಿ ದೊಡ್ಡ ಪಾಲು ಉತ್ತರ ಕನ್ನಡದ ದಟ್ಟ ಕಾಡು. 2020ರ ಮಾರ್ಚ್ 9ರ ಸಭೆಯಲ್ಲಿ ಬೇಡ ಎಂದ ರಾಜ್ಯ ವನ್ಯಜೀವಿ ಮಂಡಳಿ, ಮಾರ್ಚ್ 20ರ ಸಭೆಯಲ್ಲಿ ಆಗಲಿ ಎಂದಿತು. ಅಷ್ಟು ದಿನಗಳಲ್ಲಿ ಕಾಡು ಬದಲಾಗಲಿಲ್ಲ, ಮಾರ್ಗವೂ ಬದಲಾಗಲಿಲ್ಲ. ಪ್ರಕರಣ ಹೈಕೋರ್ಟಿಗೆ ಹೋಯಿತು, ಆ ಜೂನ್‌ನಲ್ಲಿ ತಡೆಯಾಜ್ಞೆ ಬಂತು. ಉತ್ತರ ಕರ್ನಾಟಕಕ್ಕೆ ಬಂದರಿನ ಸಂಪರ್ಕ ಬೇಕು ಎಂಬ ದಶಕಗಳ ಬೇಡಿಕೆ ಸುಳ್ಳಲ್ಲ. ಆದರೆ ಅದನ್ನು ತೂಗಲು ಬೇರೆ ವೇದಿಕೆಗಳಿವೆ. ವನ್ಯಜೀವಿ ಮಂಡಳಿಯೂ ರೈಲ್ವೆ ಮಂಡಳಿಯಂತೆ ಯೋಚಿಸತೊಡಗಿದರೆ ಕಾಡಿನ ಪರವಾಗಿ ಆ ಕೋಣೆಯಲ್ಲಿ ಮಾತನಾಡುವವರು ಯಾರು?

ಹೆಸರಘಟ್ಟದ ಕತೆ ಇದರ ಇನ್ನೊಂದು ಮುಖ. ಬೆಂಗಳೂರಿನ ಅಂಚಿನಲ್ಲಿ ಉಳಿದಿರುವ ವಿಶಾಲ ಹುಲ್ಲುಗಾವಲು ಅದು; ಬಹುಪಾಲು ಜಮೀನು ಪಶುಸಂಗೋಪನಾ ಇಲಾಖೆಯದು. ಹಕ್ಕಿ ನೋಡುವವರಿಗೆ ಗೊತ್ತು, ಬಲು ಅಪರೂಪದ ಲೆಸ್ಸರ್ ಫ್ಲೋರಿಕನ್ ಕೂಡ ಅಲ್ಲಿ ಕಂಡಿತ್ತು. ಫಿಲ್ಮ್ ಸಿಟಿ ಮಾಡುವ ಮಾತೂ ಅಲ್ಲಿಗೆ ಬಂದು ಹೋಗಿತ್ತು. ಇದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸುವ ಪ್ರಸ್ತಾವವನ್ನು 2021ರ ಜನವರಿಯಲ್ಲಿ ಅದೇ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ನಾಗರಿಕರು ಬಿಡಲಿಲ್ಲ, ನ್ಯಾಯಾಲಯದ ಮೆಟ್ಟಿಲೇರಿದರು. 2024ರ ಅಕ್ಟೋಬರಿನಲ್ಲಿ ಮಂಡಳಿ ಐದು ಸಾವಿರಕ್ಕೂ ಹೆಚ್ಚು ಎಕರೆಯ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ನೆಲ, ಅದೇ ಹುಲ್ಲು, ಅದೇ ಕಾಯ್ದೆ. ನಡುವೆ ಬದಲಾದದ್ದು ಸರ್ಕಾರ, ಮತ್ತು ಸುಮ್ಮನಾಗದ ಜನರ ಒತ್ತಡ.

ಹುಲಿಗಾಗಿಯೇ ಒಂದು ಪ್ರತ್ಯೇಕ ಪ್ರಾಧಿಕಾರ ಇದೆ: ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ, ಎನ್‌ಟಿಸಿಎ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಇಲ್ಲವಾದ ಆಘಾತದ ಬಳಿಕ 2006ರ ತಿದ್ದುಪಡಿಯಲ್ಲಿ ಹುಟ್ಟಿದ್ದು. ಹುಲಿ ಸಂರಕ್ಷಿತ ಪ್ರದೇಶದ ಗಡಿ ಬದಲಿಸಲು ಇದರ ಶಿಫಾರಸು, ಜೊತೆಗೆ ರಾಷ್ಟ್ರೀಯ ಮಂಡಳಿಯ ಒಪ್ಪಿಗೆ ಎರಡೂ ಬೇಕು. ಒಂದು ಹುಲಿ ಕಾಡನ್ನು ಇನ್ನೊಂದಕ್ಕೆ ಜೋಡಿಸುವ ಕಾರಿಡಾರ್ ನೆಲವನ್ನು ಹಾಳುಗೆಡಹದಂತೆ ನೋಡಿಕೊಳ್ಳುವ ಹೊಣೆಯೂ ಇದರದ್ದೇ. ನಮ್ಮಲ್ಲಿ ಇಂಥ ಐದು ಪ್ರದೇಶಗಳಿವೆ: ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ. 2022ರ ಅಂದಾಜಿನಂತೆ ರಾಜ್ಯದಲ್ಲಿ 563 ಹುಲಿ. ಐದು ಹುಲಿ ಸತ್ತ ಮಲೆ ಮಹದೇಶ್ವರ ಬೆಟ್ಟ ಈ ಐದರ ಪಟ್ಟಿಯಲ್ಲಿಲ್ಲ, ಅದು ವನ್ಯಜೀವಿಧಾಮವಷ್ಟೆ. ಹುಲಿ ಅಲ್ಲಿದ್ದರೂ ಹುಲಿ ಯೋಜನೆಯ ಆಡಳಿತದ ಬಲ, ಹಣದ ಬಲ ಆ ಕಾಡಿಗೆ ಸಿಗುವುದಿಲ್ಲ. ಗುತ್ತಿಗೆ ಸಿಬ್ಬಂದಿಯ ಸಂಬಳದ ಮಾತು ಬಂದಾಗ ಇದನ್ನೂ ಜೊತೆಗಿಟ್ಟು ನೋಡಬೇಕು.

ಅಂತರರಾಜ್ಯ ಕಳ್ಳಸಾಗಣೆಗೆ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ಇದೆ. ನಮ್ಮ ಪ್ರಾದೇಶಿಕ ಕಚೇರಿ ಚೆನ್ನೈಯಲ್ಲಿ. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿನೊಳಗೆ ಆಮೆ, ಹೆಬ್ಬಾವು ಸಿಕ್ಕಿದರೆ ಮೊದಲು ಹಿಡಿಯುವವರು ಕಸ್ಟಮ್ಸ್. ಮೃಗಾಲಯಗಳಿಗೆ ಕೇಂದ್ರ ಮೃಗಾಲಯ ಪ್ರಾಧಿಕಾರ. ಇವುಗಳ ವ್ಯಾಪ್ತಿ ಹೆಚ್ಚುಕಡಿಮೆ ಸ್ಪಷ್ಟ, ಹಾಗಾಗಿ ಮುಂದಕ್ಕೆ ಹೋಗುತ್ತೇನೆ.

ವನ್ಯಜೀವಿಗೆ ಅತಿ ದೊಡ್ಡ ನೆರಳು ಕೊಟ್ಟ ಕೆಲವು ನಿರ್ಧಾರಗಳು ವನ್ಯಜೀವಿ ಕಾಯ್ದೆಯಿಂದ ಬಂದೇ ಇಲ್ಲ. ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನೇ ನೋಡಿ. ಗುಂಡ್ಲುಪೇಟೆಯಿಂದ ಊಟಿ ಕಡೆಗೂ ಸುಲ್ತಾನ್ ಬತ್ತೇರಿ ಕಡೆಗೂ ಹೋಗುವ ಎರಡು ಹೆದ್ದಾರಿಗಳಲ್ಲಿ ಜಿಂಕೆ, ಆನೆ, ಚಿರತೆ ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದವು. 2009ರ ಜೂನ್‌ನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಲ್ಲಿಸಿ ಆದೇಶ ಹೊರಡಿಸಿದವರು ಚಾಮರಾಜನಗರ ಜಿಲ್ಲಾಧಿಕಾರಿ, ಬಳಸಿದ್ದು ಮೋಟಾರು ವಾಹನ ಕಾಯ್ದೆ. ಒತ್ತಡ ಬಂತು, ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ಪ್ರಕರಣ ಹೈಕೋರ್ಟಿಗೆ ಹೋಗಿ, 2010ರ ಮಾರ್ಚಿನಲ್ಲಿ ನಿಷೇಧ ಊರ್ಜಿತವಾಯಿತು. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ಕಂದಾಯ ಆಡಳಿತದ ಒಬ್ಬ ಅಧಿಕಾರಿ ತನ್ನ ಕೈಲಿದ್ದ ಸಾಮಾನ್ಯ ಕಾನೂನನ್ನು ಕಾಡಿಗಾಗಿ ಬಳಸಿದ ಈ ಉದಾಹರಣೆ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವಾಗ 'ನಿಮ್ಮ ವ್ಯಾಪ್ತಿಯಲ್ಲೂ ದಾರಿ ಇದೆ' ಎಂದು ಇದನ್ನು ತೋರಿಸಿ.

ಅದೇ ಜಿಲ್ಲಾಡಳಿತದ ಕೈ ಇನ್ನೊಂದು ಕಡೆಗೂ ತಿರುಗಬಲ್ಲದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸುತ್ತಿನ ಅಮೃತಮಹಲ್ ಕಾವಲುಗಳು ತಲೆಮಾರುಗಳಿಂದ ದನಕುರಿಗಳ ಮೇವಿನ ನೆಲ, ಕೃಷ್ಣಮೃಗ, ತೋಳ, ಹುಲ್ಲುಗಾವಲಿನ ಹಕ್ಕಿಗಳ ಮನೆ. 2008ರ ನಂತರದ ಒಂದೆರಡು ವರ್ಷಗಳಲ್ಲಿ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿಗಾಹಿಗಳಿಗೆ ಸುದ್ದಿ ತಿಳಿದದ್ದು ಬೇಲಿ ಎದ್ದಾಗ. ಅದು ಅಭಯಾರಣ್ಯದ ಗೆರೆಯೊಳಗೆ ಇರಲಿಲ್ಲ. ಆದ್ದರಿಂದ ವನ್ಯಜೀವಿ ಮಂಡಳಿಯ ಮೇಜಿಗೆ ಕಡತ ಹೋಗಲೇಬೇಕು ಎಂಬ ಕಟ್ಟಳೆ ಇರಲಿಲ್ಲ. ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಉಳಿದಿರುವ ಬೆರಳೆಣಿಕೆಯ ಹೆಬ್ಬಕಗಳ ಪಾಡೂ ಇದೇ. ಹಕ್ಕಿಯನ್ನು ಮುಟ್ಟುವಂತಿಲ್ಲ. ಅದು ಓಡಾಡುವ ಹೊಲದಲ್ಲಿ ಯಾವ ಬೆಳೆ, ಯಾವ ವಿದ್ಯುತ್ ತಂತಿ, ಯಾವ ಗಾಳಿಯಂತ್ರ ಎಂದು ತೀರ್ಮಾನಿಸುವವರು ಬೇರೆ ಬೇರೆ ಇಲಾಖೆಗಳವರು.

ಅಭಯಾರಣ್ಯಗಳ ಹೊರಸುತ್ತಿಗೆ ಪರಿಸರ ಸೂಕ್ಷ್ಮ ವಲಯ ಎಂಬ ಕವಚವಿದೆ. ಇದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ ಹೊರಡಿಸುವ ಅಧಿಸೂಚನೆ. ಬನ್ನೇರುಘಟ್ಟದ ಸುತ್ತ 2016ರ ಕರಡಿನಲ್ಲಿದ್ದ 268.9 ಚದರ ಕಿಲೋಮೀಟರ್, 2020ರ ಅಂತಿಮ ಅಧಿಸೂಚನೆಯಲ್ಲಿ 168.84 ಆಯಿತು. ನೂರು ಚದರ ಕಿಲೋಮೀಟರ್ ಕವಚ ಕಾಗದದ ಮೇಲೆಯೇ ಕಳಚಿತು, ಬೆಂಗಳೂರು ಎಂಬ ಮಹಾನಗರದ ಬಾಗಿಲಲ್ಲಿ. ಕರಡು ಅಧಿಸೂಚನೆಗೆ 60 ದಿನಗಳಲ್ಲಿ ಆಕ್ಷೇಪಣೆ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇರುತ್ತದೆ. ಪಶ್ಚಿಮ ಘಟ್ಟದ ಕರಡು ಅಧಿಸೂಚನೆಗಳು ಹೀಗೆಯೇ ಬರುತ್ತಿವೆ; ಆರನೆಯದು 2024ರ ಜುಲೈ 31ರಂದು ಬಂತು, ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ರಾಜ್ಯದ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ವಿರೋಧಿಸುತ್ತಲೇ ಬಂದಿವೆ. ಮಲೆನಾಡಿನ ಕೃಷಿಕರ ಆತಂಕಕ್ಕೆ ಕಾರಣಗಳಿವೆ, ಅವರಿಗೆ ಕನ್ನಡದಲ್ಲಿ ಕೂತು ವಿವರಿಸಿದವರೂ ಕಡಿಮೆ. ಅಷ್ಟರಲ್ಲಿ ಗುಡ್ಡಗಳು ಕುಸಿಯುತ್ತಿವೆ.

ಕಾಡಿನ ಭೂಮಿಯನ್ನು ಬೇರೆ ಕೆಲಸಕ್ಕೆ ಬಿಡಲು 1980ರ ಅರಣ್ಯ ಕಾಯ್ದೆಯಡಿ ಕೇಂದ್ರದ ಪೂರ್ವಾನುಮತಿ ಬೇಕು. ಇದು ವನ್ಯಜೀವಿ ಅನುಮತಿಗಿಂತ ಬೇರೆಯೇ. ಒಂದು ಸಿಕ್ಕಿದ ಮಾತ್ರಕ್ಕೆ ಇನ್ನೊಂದು ಸಿಕ್ಕಿದಂತಲ್ಲ. 'ಕ್ಲಿಯರೆನ್ಸ್ ಆಗಿದೆ' ಎಂದು ಗುತ್ತಿಗೆದಾರ ಹೇಳಿದರೆ ಯಾವ ಕ್ಲಿಯರೆನ್ಸ್, ಯಾವ ಕಾಯ್ದೆ, ತಾತ್ವಿಕ ಒಪ್ಪಿಗೆಯೋ ಅಂತಿಮವೋ ಎಂದು ಕೇಳಿ. ಪರಿವೇಶ್ ಎಂಬ ಕೇಂದ್ರದ ಜಾಲತಾಣದಲ್ಲಿ ಪ್ರಸ್ತಾವದ ಹಂತ ನೋಡಬಹುದು.

ನ್ಯಾಯಾಲಯಗಳ ವಿಚಾರದಲ್ಲಿ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಪರಿಸರದ ದೂರು ಎಂದೊಡನೆ ನಾವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಹೆಸರು ಹೇಳುತ್ತೇವೆ. ಆದರೆ ಆ ನ್ಯಾಯಮಂಡಳಿಗೆ ಒಪ್ಪಿಸಿದ ಕಾಯ್ದೆಗಳ ಪಟ್ಟಿಯಲ್ಲಿ ನೀರು, ಗಾಳಿ, ಅರಣ್ಯ, ಪರಿಸರ, ಜೀವವೈವಿಧ್ಯ ಕಾಯ್ದೆಗಳಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲ. ಅರಣ್ಯ ಭೂಮಿ ಪರಿವರ್ತನೆ ಪ್ರಶ್ನಿಸಲು ಚೆನ್ನೈಯ ದಕ್ಷಿಣ ಪೀಠಕ್ಕೆ ಹೋಗಬಹುದು. ಬೇಟೆ ಪ್ರಕರಣಕ್ಕೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯವೇ. ವನ್ಯಜೀವಿ ಮಂಡಳಿಯ ನಿರ್ಧಾರ ಪ್ರಶ್ನಿಸಲು ಹೈಕೋರ್ಟಿನಲ್ಲಿ ರಿಟ್. ತಪ್ಪು ಕಡೆ ಹೋದರೆ ಅರ್ಜಿ ತಿರಸ್ಕೃತವಾಗುವ ಹೊತ್ತಿಗೆ ಮರ ನೆಲಕ್ಕುರುಳಿರುತ್ತದೆ.

ಸುಪ್ರೀಂ ಕೋರ್ಟ್ 2002ರಲ್ಲಿ ಕೇಂದ್ರ ಉನ್ನತಾಧಿಕಾರ ಸಮಿತಿಯನ್ನು ರಚಿಸಿತು, ಸಿಇಸಿ ಎಂದೇ ಎಲ್ಲರಿಗೂ ಪರಿಚಿತ. 2023ರಲ್ಲಿ ಅದಕ್ಕೆ ಕಾಯಂ ಸ್ವರೂಪ ಬಂತು. ಅದರ ಕೆಲಸದ ಫಲ ನಮ್ಮ ರಾಜ್ಯದಲ್ಲೇ ಇದೆ: ಕುದುರೆಮುಖ. ರಾಷ್ಟ್ರೀಯ ಉದ್ಯಾನದ ನಡುವೆ ಕೇಂದ್ರ ಸರ್ಕಾರದ ಕಂಪನಿ ಕಬ್ಬಿಣದ ಅದಿರು ತೆಗೆಯುತ್ತಿತ್ತು, ಭದ್ರೆಗೆ ಕೆಂಪು ಹೂಳು ಸೇರುತ್ತಿತ್ತು. ಸಮಿತಿಯ ವರದಿಯ ಮೇಲೆ 2002ರ ಅಕ್ಟೋಬರ್ 30ರಂದು ತೀರ್ಪು ಬಂತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅದರ ಹಿಂದೆ ಮಲೆನಾಡಿನ ಯುವಕರ, ಕಾರ್ಯಕರ್ತರ ಎಷ್ಟೋ ವರ್ಷಗಳ ಓಡಾಟವಿತ್ತು. ಸರ್ಕಾರವೇ ಗಣಿಯ ಮಾಲೀಕನಾಗಿದ್ದಾಗಲೂ ಕಾನೂನು ಗೆಲ್ಲಬಹುದು ಎಂಬುದಕ್ಕೆ ನಮಗೆ ಬೇರೆ ಪುರಾವೆ ಬೇಕಿಲ್ಲ.

ಇನ್ನು ಊರಿನ ಮಟ್ಟ. ಇದನ್ನು ಕೊನೆಗೆ ಇಟ್ಟದ್ದು ಚಿಕ್ಕದೆಂದಲ್ಲ, ನಮ್ಮ ಕೈಗೆ ಅತಿ ಹತ್ತಿರದ್ದು ಎಂದು. 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಮು ಕಾಡು, ವನ್ಯಜೀವಿ, ಜೀವವೈವಿಧ್ಯ ಕಾಯುವ ಅಧಿಕಾರವನ್ನು ಗ್ರಾಮಸಭೆಗೇ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದೇ ವರ್ಷ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಆರು ವರ್ಷದ ಬಳಿಕ, 2017ರ ಮಾರ್ಚಿನಲ್ಲಿ, ಹುಲಿ ಕಾಡುಗಳ ಒಳಭಾಗದಲ್ಲಿ ಅರಣ್ಯ ಹಕ್ಕು ಕೊಡಬೇಡಿ ಎಂದು ಎನ್‌ಟಿಸಿಎ ಆದೇಶಿಸಿತು, ಮರುವರ್ಷ ಅದನ್ನು ಹಿಂಪಡೆಯಿತು. ಎರಡು ಕಾಯ್ದೆ, ಎರಡು ಸಚಿವಾಲಯ, ನಡುವೆ ಪೋಡು ಎಂಬ ಹಾಡಿಗಳ ಜನ. ಬೆಟ್ಟದ ಪ್ರತಿ ಕಲ್ಲು, ಪ್ರತಿ ಹಳ್ಳಕ್ಕೆ ಹೆಸರಿಟ್ಟು ಬದುಕಿದವರನ್ನು ಕಾವಲಿನಿಂದ ಹೊರಗಿಟ್ಟು ಹುಲಿ ಉಳಿಸಬಹುದೆಂದು ನನಗೆ ಅನಿಸುವುದಿಲ್ಲ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆ ಮುಂದಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಅದು 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಅದೇ ವರ್ಷ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಎರಡಕ್ಕೂ ಬೇರೆ ಬೇರೆ ಕಾಯ್ದೆ. ಎರಡರಲ್ಲೂ ಊರಿನವರ ಪಾಲಿದೆ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿ, ಪ್ರತಿ ನಗರಸಭೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಹಕ್ಕಿ, ಮೀನು, ನಾಟಿ ತಳಿಗಳ ದಾಖಲಾತಿ ಪುಸ್ತಕ ಇರಬೇಕು. ಬಹಳಷ್ಟು ಕಡೆ ಸಮಿತಿಯ ಸದಸ್ಯರಿಗೇ ತಾವು ಸದಸ್ಯರೆಂದು ಗೊತ್ತಿಲ್ಲ. ನಿಮ್ಮ ಪಿಡಿಒ ಅವರನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ಸಮಿತಿ ಯಾರು, ಕೊನೆಯ ಸಭೆ ಯಾವಾಗ, ಪುಸ್ತಕ ಎಲ್ಲಿ? ನಾಳೆ ಊರ ಗೋಮಾಳಕ್ಕೋ ಕೆರೆಯಂಗಳಕ್ಕೋ ಯಾರಾದರೂ ಕೈ ಹಾಕಿದರೆ ನ್ಯಾಯಾಲಯದ ಮುಂದೆ 'ಇಲ್ಲಿ ಇಂತಿಂಥ ಜೀವಿಗಳಿದ್ದವು' ಎಂದು ತೋರಿಸಲು ಆ ಪುಸ್ತಕ ಬೇಕಾಗುತ್ತದೆ.

ನಾನು ಸರ್ಕಾರದ ಮುಂದಿಡುವ ಬೇಡಿಕೆ ಸಣ್ಣದು, ಈ ವರ್ಷವೇ ಮಾಡಬಹುದಾದದ್ದು. ರಾಜ್ಯ ವನ್ಯಜೀವಿ ಮಂಡಳಿಯ ಕಾರ್ಯಸೂಚಿ ಸಭೆಗೆ ಮುಂಚೆ, ನಡಾವಳಿ ಸಭೆಯಾದ ಕೂಡಲೇ, ಕನ್ನಡದಲ್ಲಿ, ಎಲ್ಲರೂ ಓದುವಂತೆ ಪ್ರಕಟವಾಗಲಿ. ಪ್ರತಿ ಯೋಜನೆಯ ಎದುರು ಒಂದು ಸಾಲು ಇರಲಿ: ಇದು 29ನೇ ಕಲಮಿನ ಅಳತೆಗೆ ಹೇಗೆ ಹೊಂದುತ್ತದೆ. ಯಾರು ಒಪ್ಪಿದರು, ಯಾರು ಭಿನ್ನಮತ ದಾಖಲಿಸಿದರು ಎಂಬುದೂ ಇರಲಿ. ಅಷ್ಟಾಗುವವರೆಗೆ ಮಾಹಿತಿ ಹಕ್ಕಿನ ಹತ್ತು ರೂಪಾಯಿಯ ಅರ್ಜಿ ಇದ್ದೇ ಇದೆ. ಅರಣ್ಯ ಭವನಕ್ಕೆ ಕಳಿಸಿ, 30 ದಿನ ಎಣಿಸಿ.

ಮತ್ತೊಂದು ಅಧಿಕಾರ ನಮ್ಮ ಕೈಯಲ್ಲೇ ಇದೆ, ಬಳಸುವವರು ತೀರಾ ಕಡಿಮೆ. 55ನೇ ಕಲಮು ದೂರು ಕೊಡಬಲ್ಲ ಅಧಿಕಾರಿಗಳ ಪಟ್ಟಿಯ ಕೊನೆಗೆ 'ಯಾವುದೇ ವ್ಯಕ್ತಿ'ಯನ್ನೂ ಸೇರಿಸಿದೆ. ಅಪರಾಧ ನಡೆದಿದೆ ಎಂದು ನಿಮಗೆ ಖಚಿತವಿದ್ದರೆ, ಇಲಾಖೆ ಕೈಕಟ್ಟಿ ಕೂತಿದ್ದರೆ, ನಿಗದಿತ ನಮೂನೆಯಲ್ಲಿ ಸರ್ಕಾರಕ್ಕೋ ಅದು ನೇಮಿಸಿದ ಅಧಿಕಾರಿಗೋ 60 ದಿನಗಳ ನೋಟಿಸ್ ಕೊಡಿ. ಸ್ಥಳ, ದಿನಾಂಕ, ಪ್ರಾಣಿ, ಕಂಡದ್ದು, ಫೋಟೋ ಇದ್ದರೆ ಫೋಟೋ, ಯಾವ ಕಲಮು ಮುರಿದಿದೆ ಎಂಬುದು, ನೀವೇ ದೂರು ಹೂಡುತ್ತೀರಿ ಎಂಬ ಮಾತು, ಎಲ್ಲ ಅದರಲ್ಲಿರಲಿ. ಅಂಚೆಯ ರಸೀದಿ ಇಟ್ಟುಕೊಳ್ಳಿ. ಅರವತ್ತು ದಿನ ಕಳೆದ ಮೇಲೆ ನೀವು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ದೂರುದಾರರಾಗಿ ನಿಲ್ಲಬಹುದು. ಹೆಚ್ಚಿನ ಸಂದರ್ಭದಲ್ಲಿ ಅಲ್ಲಿಯವರೆಗೆ ಹೋಗಬೇಕಾಗುವುದಿಲ್ಲ ಎಂಬುದು ನನ್ನ ನಂಬಿಕೆ. ನೋಟಿಸ್ ತಲುಪಿದ ಕಚೇರಿಯಲ್ಲಿ ಆ ಕಡತವನ್ನು ಯಾರಾದರೂ ತೆರೆಯಲೇಬೇಕಾಗುತ್ತದೆ.